ಸೂಜಿ, ಅರಸಿನ, ಹೆಡಿಗೆ: ಕಾಸರಗೋಡಿನ ಕೋಳಿಮದ್ದಿನ ಚರಿತ್ರೆ

ಕಾಸರಗೋಡು ಸೀಮೆಯಲ್ಲಿ ಗಾಯಗೊಂಡ ಕೋಳಿಗೆ ಮದ್ದು ಮಾಡುವ ವಿದ್ಯೆ ಎರಡು ಕಡೆ ಬೆಳೆಯಿತು: ಮನೆಯ ಹಿತ್ತಿಲಿನಲ್ಲಿ ಮತ್ತು ಕೋಳಿ ಅಂಕದ ಗದ್ದೆಯಲ್ಲಿ. ಹಿತ್ತಿಲಿನಲ್ಲಿ ಕಚ್ಚುತ್ತಿದ್ದುದು ಕೀರಿ, ನರಿ, ಕಾಡುಬೆಕ್ಕು, ನಾಯಿ. ಮೇಲಿಂದ ಎರಗುತ್ತಿದ್ದುದು ಗಿಡುಗ. ಅಂಕದಲ್ಲಿ ಮೈ ಸೀಳುತ್ತಿದ್ದುದು ಎದುರಾಳಿ ಹುಂಜದ ಕಾಲಿಗೆ ಕಟ್ಟಿದ ಬಾಳು ಎಂಬ ಸಣ್ಣ ಕತ್ತಿ. ಗಾಯ ಬೇರೆ ಇದ್ದಂತೆ ಉಪಚಾರವೂ ಬೇರೆ. ಅಂಕದ ಹುಂಜಕ್ಕೆ ಹೊಲಿಗೆ ಬೀಳುತ್ತಿತ್ತು, ಹಿತ್ತಿಲಿನ ಹೇಂಟೆಗೆ ಅರಸಿನವೇ ಗತಿ.

ಪಶುವೈದ್ಯದ ಹಳೆಯ ಗ್ರಂಥಗಳಲ್ಲಿ ಕೋಳಿಯ ಪಾಲು ತೀರ ಕಡಿಮೆ. ಕುದುರೆಗೆ ಶಾಲಿಹೋತ್ರನ ಹೆಸರಿನ ಶಾಸ್ತ್ರ, ಆನೆಗೆ ಪಾಲಕಾಪ್ಯನ ಹಸ್ತ್ಯಾಯುರ್ವೇದ ಇವೆ. ದನಕ್ಕೆ 12ನೇ ಶತಮಾನದಲ್ಲಿ ಚಾಲುಕ್ಯ ಮನೆತನದ ಕೀರ್ತಿವರ್ಮ ಕನ್ನಡದಲ್ಲೇ ‘ಗೋವೈದ್ಯ’ ಬರೆದ. ಅದೇ ಶತಮಾನದಲ್ಲಿ ಅದೇ ಮನೆತನದ ಮೂರನೇ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ಹುಂಜಗಳ ಕಾದಾಟವನ್ನು ಅರಸನ ವಿನೋದಗಳಲ್ಲಿ ಒಂದಾಗಿ ವರ್ಣಿಸಿದ. ಹೀಗೆ ಕೋಳಿ ಗ್ರಂಥಕ್ಕೆ ಬಂದುದು ವಿನೋದದ ಬಾಗಿಲಿನಿಂದ. ಅದರ ವೈದ್ಯ ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ದಾಟುತ್ತಾ ಉಳಿಯಿತು.

ಕಾಸರಗೋಡನ್ನೂ ಒಳಗೊಂಡ ತುಳುನಾಡಿನಲ್ಲಿ ಅಂಕ ನಡೆಯುತ್ತಿದ್ದುದು ಕೊಯ್ಲು ಮುಗಿದ ಗದ್ದೆಯಲ್ಲಿ, ಜಾತ್ರೆ ನೇಮಗಳ ಹೊತ್ತಿನಲ್ಲಿ. ಹುಂಜಗಳಿಗೆ ಬಣ್ಣದ ಮೇಲೆ ಬೊಳ್ಳೆ, ನೀಲೆ, ಮೈರೆ, ಕೆಮ್ಮೈರೆ, ಕುಪ್ಪುಳೆ ಎಂಬ ಹೆಸರುಗಳಿದ್ದವು. ಯಾವ ದಿನ ಯಾವ ಬಣ್ಣಕ್ಕೆ ಗೆಲುವು ಎಂದು ಹೇಳುವ ಕುಕ್ಕುಟ ಪಂಚಾಂಗವೂ ಇತ್ತು. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಗ್ರಂಥದಲ್ಲಿ, ಬಂಟರ ವಿಷಯ ಬರೆಯುವಾಗ ಈ ಅಂಕಗಳನ್ನೂ ವಿವರಿಸಿದ್ದಾನೆ. ಸೋತ ಹುಂಜ ಗೆದ್ದವನ ಪಾಲು, ಅದು ಸಾರಿನ ಪಾತ್ರೆಗೆ. ಗೆದ್ದ ಹುಂಜಕ್ಕೆ ಮಾತ್ರ ಗದ್ದೆಯ ಬದಿಯಲ್ಲೇ ಚಿಕಿತ್ಸೆ. ಒಬ್ಬ ರೆಕ್ಕೆಗಳನ್ನು ಒತ್ತಿ ಹಿಡಿಯುತ್ತಿದ್ದ. ಇನ್ನೊಬ್ಬ ಗಾಯದ ಅಂಚಿನ ಪುಕ್ಕ ಕಿತ್ತು, ನೀರಿನಲ್ಲಿ ತೊಳೆದು, ಬಟ್ಟೆ ಹೊಲಿಯುವ ಸೂಜಿನೂಲಿನಿಂದಲೇ ಚರ್ಮ ಕೂಡಿಸಿ ಅರಸಿನ ಮೆತ್ತುತ್ತಿದ್ದ. ಮುಂದಿನ ಅಂಕಕ್ಕೆ ಬೇಕಾದ ಹಕ್ಕಿಯಾದ್ದರಿಂದ ಅಷ್ಟು ಶ್ರಮ.

ಹಿತ್ತಿಲಿನ ಹೇಂಟೆಗೆ ಆ ಬೆಲೆ ಇರಲಿಲ್ಲ. ಕೀರಿಯ ಬಾಯಿಂದ ಬಿಡಿಸಿದ ಕೋಳಿ ಬದುಕುತ್ತದೋ ಇಲ್ಲವೋ ಎಂಬುದನ್ನು ಮನೆಯ ಹೆಂಗಸು ನಿಂತಲ್ಲೇ ತೀರ್ಮಾನಿಸಬೇಕಿತ್ತು. ಮುಸ್ಲಿಂ ಮನೆಗಳಲ್ಲಿ ಆ ತೀರ್ಮಾನಕ್ಕೆ ಇನ್ನೂ ಅವಸರ, ಏಕೆಂದರೆ ಪ್ರಾಣಿ ಕಚ್ಚಿದ ಕೋಳಿಯನ್ನು ಜೀವವಿರುವಾಗಲೇ ವಿಧಿಪ್ರಕಾರ ಕೊಯ್ದರೆ ಮಾತ್ರ ಹಲಾಲ್. ಬದುಕುತ್ತದೆ ಎನಿಸಿದರೆ ರಕ್ತ ನಿಲ್ಲಿಸಲು ಒಲೆಯ ಬೂದಿ, ಹಚ್ಚಲು ತೆಂಗಿನೆಣ್ಣೆಯಲ್ಲಿ ಕಲಸಿದ ಅರಸಿನ. ಹುಳ ಬಿದ್ದ ಗಾಯಕ್ಕೆ ಸೀತಾಫಲದ ಎಲೆ ಅರೆದು ತುಂಬುತ್ತಿದ್ದರು, ಇಲ್ಲವೇ ಕರ್ಪೂರ ಕರಗಿಸಿದ ಎಣ್ಣೆ ಬಿಡುತ್ತಿದ್ದರು. ಅಮೆರಿಕ ಖಂಡಗಳಿಂದ ಬಂದು ಗುಡ್ಡಗಳನ್ನೆಲ್ಲ ಆವರಿಸಿದ, ಮಲಯಾಳದಲ್ಲಿ ‘ಕಮ್ಯುನಿಸ್ಟ್ ಪಚ್ಚ’ ಎನ್ನುವ ಗಿಡದ ಎಲೆಯ ರಸವೂ ಮುಂದೆ ರಕ್ತ ಕಟ್ಟುವ ಮದ್ದುಗಳ ಸಾಲಿಗೆ ಸೇರಿತು.

ಮದ್ದು ಹಚ್ಚಿದ ಮೇಲೆ ಹೇಂಟೆಯ ಮೇಲೆ ಹೆಡಿಗೆ ಕವುಚಿಡುತ್ತಿದ್ದರು. ಉಪಚಾರದ ಮುಖ್ಯ ಭಾಗ ಇದೇ. ಕೆಂಪು ಕಂಡಲ್ಲಿ ಕುಕ್ಕುವುದು ಕೋಳಿಗಳ ಸ್ವಭಾವ. ರಕ್ತ ಒಸರುವ ಹಕ್ಕಿಯನ್ನು ಅದರ ಜತೆಯವೇ ಕುಕ್ಕಿ ಕೊಲ್ಲುತ್ತವೆ. ಹೆಡಿಗೆಯೊಳಗೆ ಅದಕ್ಕೆ ಏಕಾಂತ ಸಿಗುತ್ತಿತ್ತು, ಕತ್ತಲೆ ಸಿಗುತ್ತಿತ್ತು. ಹೆದರಿಕೆಯಿಂದಲೇ ಸಾಯಬಲ್ಲ ಹಕ್ಕಿಗೆ ಕತ್ತಲೆ ಅರ್ಧ ಮದ್ದು.

ಸರಕಾರಿ ಪಶುವೈದ್ಯದ ಗಮನ ಕೋಳಿಯ ಕಡೆ ಹೊರಳಿದ್ದು ಗಾಯದಿಂದಲ್ಲ, ಸಾಂಕ್ರಾಮಿಕದಿಂದ. ಬ್ರಿಟಿಷರ ಕಾಲದಲ್ಲಿ ಕಾಸರಗೋಡು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಮದ್ರಾಸಿನಲ್ಲಿ ಪಶುವೈದ್ಯ ಕಾಲೇಜು ಆರಂಭವಾದುದು 1903ರಲ್ಲಿ. 1920ರ ದಶಕದ ಕೊನೆಗೆ ಕುಮಾವೂನಿನ ರಾಣಿಖೇತದಲ್ಲಿ ಗುರುತಿಸಿದ, ಕನ್ನಡದಲ್ಲಿ ಕೊಕ್ಕರೆ ರೋಗ ಎನ್ನುವ ಬೇನೆ ಗೂಡುಗೂಡುಗಳನ್ನೇ ಬರಿದು ಮಾಡತೊಡಗಿದಾಗ ಲಸಿಕೆಯ ಕೆಲಸ ಶುರುವಾಯಿತು. 1956ರ ನವೆಂಬರ್ 1ರಂದು ತಾಲೂಕು ಕೇರಳಕ್ಕೆ ಸೇರಿತು. ಅದರ ಹಿಂದಿನ ವರ್ಷ ತ್ರಿಶ್ಶೂರಿನ ಮಣ್ಣುತ್ತಿಯಲ್ಲಿ ಪಶುವೈದ್ಯ ಕಾಲೇಜು ತೆರೆದಿತ್ತು. ಮುಂದೆ ಪಂಚಾಯತುಗಳವರೆಗೂ ಹಬ್ಬಿದ ‘ಮೃಗಾಸ್ಪತ್ರೆ’ಗಳಿಗೆ ದನ ಆಡಿನ ಹಿಂದೆ ಕೋಳಿಯೂ ಬಂತು.

ಹೊಸ ವೈದ್ಯ ಹಳೆಯ ಎರಡು ರೂಢಿಗಳನ್ನೂ ಒರೆಗೆ ಹಚ್ಚಿತು. ಬಾಳಿನ ಗಾಯದ ಅಂಚು ನೇರ, ಒಳಗೆ ಕೊಳೆ ಕಡಿಮೆ, ಹೊಲಿದರೆ ಕೂಡುತ್ತದೆ. ಹಲ್ಲಿನ ಗಾಯ ಹೊರಗೆ ಚುಕ್ಕೆಯಷ್ಟು, ಒಳಗೆ ಆಳ. ಅದನ್ನು ಹೊಲಿದು ಮುಚ್ಚಿದರೆ ಕೀವು ಒಳಗೇ ಉಳಿಯುತ್ತದೆ. ಹಿತ್ತಿಲಿನವರು ಹೊಲಿಯದೆ ಬಿಟ್ಟುದು ಬಡತನದಿಂದಲೋ ಅಸಡ್ಡೆಯಿಂದಲೋ ಇರಬಹುದು, ಅದು ಸರಿಯೇ ಆಗಿತ್ತು. ಆದರೆ ಮೇಲೆ ಮೆತ್ತಿದ ಅರಸಿನ ಆ ಆಳಕ್ಕೆ ಇಳಿಯುವುದಿಲ್ಲ. ಬೆಕ್ಕು ನಾಯಿಗಳ ಬಾಯಲ್ಲಿರುವ ಪಾಶ್ಚುರೆಲ್ಲಾ ಎಂಬ ರೋಗಾಣು ಕಚ್ಚಿದ ದಾರಿಯಲ್ಲಿ ರಕ್ತಕ್ಕೆ ಸೇರುತ್ತದೆ. 1880ರ ಸುಮಾರಿಗೆ ಲೂಯಿ ಪಾಶ್ಚರ್ ಕೋಳಿ ಕಾಲರಾ ರೋಗದಲ್ಲಿ ಅಭ್ಯಾಸ ಮಾಡಿದ್ದು ಇದನ್ನೇ, ಹೆಸರೂ ಅವನದೇ. ಆದ್ದರಿಂದ ಈಗಿನ ಕ್ರಮದಲ್ಲಿ ಗಾಯದ ಸುತ್ತಲಿನ ಪುಕ್ಕ ಕತ್ತರಿಸಿ, ಉಪ್ಪುನೀರಿನಲ್ಲಿ ತೊಳೆದು, ಅಯೋಡಿನ್ ಹಚ್ಚಿ, ವೈದ್ಯರು ಹೇಳಿದಷ್ಟು ದಿನ ಆಂಟಿಬಯೋಟಿಕ್ ಕೊಡುತ್ತಾರೆ. ಆ ದಿನಗಳಲ್ಲೂ ಅನಂತರ ವೈದ್ಯರು ಹೇಳುವವರೆಗೂ ಅದರ ಮೊಟ್ಟೆ ತಿನ್ನಬಾರದು. ಮೇವಿನ ಚೀಲ ಹರಿದಿದ್ದರೆ ಚೀಲವನ್ನೂ ಚರ್ಮವನ್ನೂ ಬೇರೆ ಬೇರೆಯಾಗಿ ಹೊಲಿಯಬೇಕು. ಚರ್ಮದಡಿ ಗಾಳಿ ತುಂಬಿ ಮೈ ಉಬ್ಬಿದರೆ ಒಳಗಿನ ಗಾಳಿಚೀಲ ಹರಿದಿದೆ ಎಂದರ್ಥ.

1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಪ್ರಾಣಿಗಳನ್ನು ಕಾದಾಡಿಸುವುದನ್ನು ಅಪರಾಧವಾಗಿಸಿತು. 2014ರಲ್ಲಿ ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ಪ್ರಕರಣದಲ್ಲಿ ಆ ಕಾಯ್ದೆಯನ್ನು ಮತ್ತೆ ಎತ್ತಿಹಿಡಿಯಿತು. ಅಂಕ ಕದ್ದುಮುಚ್ಚಿ ನಡೆಯುವಂತಾದ ಮೇಲೆ ಬಯಲಲ್ಲಿ ನಾಲ್ಕು ಜನ ನೋಡಿ ಕಲಿಯುತ್ತಿದ್ದ ಹೊಲಿಗೆಯೂ ಮರೆಗೆ ಸರಿಯಿತು. 1957ರಲ್ಲಿ ಆರಂಭವಾದ ಸರಕಾರಿ ಕಾಲೇಜು, 1984ರಲ್ಲಿ ರೂಪುಗೊಂಡ ಜಿಲ್ಲೆಯ ಕಲೆಕ್ಟರೇಟ್ ಎರಡೂ ಇರುವ, ಕಾಸರಗೋಡಿನ ವಿದ್ಯಾನಗರದಂಥ ಕಡೆ ಗದ್ದೆಗಿಂತ ಕಾಂಪೌಂಡೇ ಹೆಚ್ಚು. ಅಲ್ಲಿನ ಹಿತ್ತಿಲಿನ ಕೋಳಿಗೆ ಕೀರಿಯ ಜತೆ ಬೀದಿನಾಯಿಯ ಭಯವೂ ಇದೆ. ಮದ್ದಿನ ಡಬ್ಬಿಯಲ್ಲಿ ಅರಸಿನದ ಪಕ್ಕ ಅಯೋಡಿನ್ ಬಂದಿದೆ. ಹೆಡಿಗೆಯ ಬದಲು ರಟ್ಟಿನ ಪೆಟ್ಟಿಗೆ ಬಂದರೂ ಅದರೊಳಗಿನ ಕತ್ತಲೆಯ ಕೆಲಸ ಬದಲಾಗಿಲ್ಲ.