ಸಹಕಾರಿಗಳ ಯಶಸ್ವಿನಿ: ನಡೆದು ಬಂದ ದಾರಿ

ಸಹಕಾರ ಸಂಘ ಎಂದರೆ ಗೊಬ್ಬರ, ಬೀಜ, ಬೆಳೆಸಾಲ ಎಂದೇ ನಮ್ಮ ಹಿರಿಯರ ಲೆಕ್ಕ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದ್ದು ಸಾಹುಕಾರರ ಬಡ್ಡಿಯಿಂದ ರೈತನನ್ನು ಬಿಡಿಸಲಿಕ್ಕೆ. ಆದರೆ ರೈತ ಸಾಲಕ್ಕೆ ಬೀಳುವುದು ಬಿತ್ತನೆಗಷ್ಟೇ ಅಲ್ಲ. ಮನೆಯಲ್ಲಿ ದುಡಿಯುವವರಿಗೆ ಆಪರೇಷನ್ ಎಂದರೆ ಹೊಸಪೇಟೆಗೋ ದಾವಣಗೆರೆಗೋ ಓಡಬೇಕು, ಎತ್ತು ಮಾರಬೇಕು. ಅತ್ತ ಖರ್ಚು, ಇತ್ತ ಆ ವರ್ಷದ ದುಡಿಮೆಯೂ ನಿಂತಿತು. ಮಕ್ಕಳು ಶಾಲೆ ಬಿಡುವುದೂ ಇಲ್ಲಿಂದಲೇ ಶುರು.

ಹೃದಯತಜ್ಞ ಡಾ. ದೇವಿ ಶೆಟ್ಟಿಯವರ ಸಲಹೆಯಂತೆ ಸಹಕಾರ ಇಲಾಖೆ 2002ರ ನವೆಂಬರಿನಲ್ಲಿ ಯಶಸ್ವಿನಿ ಯೋಜನೆ ಪ್ರಾರಂಭಿಸಿತು. 2003ರ ಜೂನ್‌ನಿಂದ ಚಿಕಿತ್ಸೆ ಸಿಗತೊಡಗಿತು. ನಮ್ಮ ಸಂಘಕ್ಕೂ ಅದಕ್ಕೂ ಹೆಚ್ಚುಕಡಿಮೆ ಒಂದೇ ವಯಸ್ಸು. ಒಬ್ಬರಿಗೆ ವರ್ಷಕ್ಕೆ 60 ರೂಪಾಯಿ, ಅಂದರೆ ತಿಂಗಳಿಗೆ ಐದೇ ರೂಪಾಯಿ. ಸರ್ಕಾರದ ನೆರವೂ ಇತ್ತು. ನಡುವೆ ವಿಮಾ ಕಂಪನಿ ಇರಲಿಲ್ಲ. ಹಣ ಟ್ರಸ್ಟಿಗೆ ಹೋಗುತ್ತಿತ್ತು, ಟ್ರಸ್ಟು ನೇರವಾಗಿ ಆಸ್ಪತ್ರೆಗೆ ಕೊಡುತ್ತಿತ್ತು. ಒಂದು ಆಪರೇಷನ್ನಿಗೆ ಒಂದು ಲಕ್ಷದವರೆಗೆ. ಜ್ವರ, ನೆಗಡಿಗೆ ಇಲ್ಲ. ಅದೇ ಸರಿ ಎಂದು ನನ್ನ ಅಭಿಪ್ರಾಯ. ಮನೆ ಮುರಿಯುವುದು ಜ್ವರದಿಂದಲ್ಲ.

ಮೊದಲ ವರ್ಷ ರಾಜ್ಯದಲ್ಲಿ ಸುಮಾರು 16 ಲಕ್ಷ ಜನ ಸೇರಿದರು, ಮರುವರ್ಷ 20 ಲಕ್ಷ. ಮೂರನೇ ವರ್ಷ ವಂತಿಗೆ 120 ರೂಪಾಯಿ ಆಯಿತು ನೋಡಿ, ಸಂಖ್ಯೆ 15 ಲಕ್ಷದೊಳಗೆ ಇಳಿಯಿತು. "ಚಲೋ ಇದ್ದಾವ್ರಿಗೆ ಯಾಕ್ರೀ ಕಾರ್ಡು?" ಎನ್ನುವ ಮಾತು ನಮ್ಮ ಕಟ್ಟೆಯ ಮೇಲೂ ಇತ್ತು. ಚಲೋ ಇದ್ದವರು ಹಾಕಿದ ದುಡ್ಡಿನಲ್ಲೇ ಅಲ್ಲವೇ ಮಲಗಿದವರ ಆಪರೇಷನ್ ಆಗುವುದು? ಗಟ್ಟಿ ಆಳುಗಳೆಲ್ಲ ಬಿಟ್ಟು ರೋಗಿಗಳೇ ಉಳಿದರೆ ಯಾವ ಟ್ರಸ್ಟೂ ನಡೆಯದು.

2018ರಲ್ಲಿ ಯಶಸ್ವಿನಿಯನ್ನು ಆರೋಗ್ಯ ಕರ್ನಾಟಕದಲ್ಲಿ ಸೇರಿಸಿದರು. ಬಿಪಿಎಲ್ ಕಾರ್ಡಿನವರಿಗೆ ಅಲ್ಲಿ ಪೂರ್ತಿ ನೆರವು, ಎಪಿಎಲ್‌ನವರಿಗೆ ಖರ್ಚಿನಲ್ಲಿ ನೂರಕ್ಕೆ 30 ಮಾತ್ರ. ನಾಲ್ಕೆಕರೆ ಒಣಬೇಸಾಯ ಇದ್ದು ಎಪಿಎಲ್ ಕಾರ್ಡು ಹಿಡಿದ ರೈತ ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ ಎಂಬಂತಾದ. ಕೊರೊನಾ ಬಂದದ್ದೂ ಆ ಅವಧಿಯಲ್ಲೇ.

ಸಹಕಾರಿಗಳ ಒತ್ತಾಯದ ಮೇಲೆ 2023ರ ಜನವರಿಯಿಂದ ಯಶಸ್ವಿನಿ ಮತ್ತೆ ಬಂತು. ಈ ಸಲ ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ, ಮಿತಿ ಐದು ಲಕ್ಷ. ಮೊದಲು ತಲೆಗಿಷ್ಟು ಎಂದಿದ್ದಾಗ ಯಜಮಾನನ ಹೆಸರು ಮಾತ್ರ ಬರೆಸಿ ಹೋಗುವವರಿದ್ದರು, ಈಗ ಮನೆಯಾಕೆಯೂ ತಾನಾಗಿ ಸೇರುತ್ತಾಳೆ. ಐದನೆಯವರಿಗೆ ಮಾತ್ರ 100 ರೂಪಾಯಿ ಹೆಚ್ಚಿಗೆ. ಆ ಐದನೆಯವರು ಬಹಳ ಮನೆಗಳಲ್ಲಿ ಮುದುಕಿ. "ಆಕೀದು ಇರ್ಲಿ ಬಿಡ್ರಿ" ಎಂದು ಅರ್ಜಿಯಲ್ಲಿ ಆಕೆಯ ಹೆಸರಷ್ಟೇ ಬಿಡಿಸುವವರನ್ನು ನಮ್ಮ ಆಫೀಸಿನಲ್ಲಿ ನೋಡಿದ್ದೇನೆ.