ಕನ್ನಡಿಗರಿಗೆ ಓದಿನ ರುಚಿ ಹತ್ತಿಸಿದವರು: ವೆಂಕಟಾಚಾರ್ಯರು ಮತ್ತು ಗಳಗನಾಥರು

ಸಾಹಿತ್ಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಕೃತಿಗಳ ಗುಣದೋಷಗಳನ್ನು ವಿವೇಚಿಸುತ್ತಾರೆ. ಆ ಕೃತಿಗಳನ್ನು ಓದಿದವರ ವಿಷಯವಾಗಿ ಹೇಳುವುದು ಕಡಮೆ. ವಾಚಕನೆಂಬವನು ಎಲ್ಲ ಕಾಲಗಳಲ್ಲಿಯೂ ತಾನಾಗಿಯೇ ಇರುವವನೆಂಬ ಭಾವನೆ ಇದಕ್ಕೆ ಕಾರಣವಾಗಿರಬಹುದು. ಆದರೆ ಅಚ್ಚಾದ ಗದ್ಯಗ್ರಂಥವೊಂದನ್ನು ಕೊಂಡು ತಂದು, ಒಬ್ಬನೇ ಕುಳಿತು, ಕೇವಲ ಸಂತೋಷಕ್ಕಾಗಿ ಓದುವ ವಾಚಕವರ್ಗವು ಕನ್ನಡನಾಡಿನಲ್ಲಿ ರೂಪುಗೊಂಡದ್ದು ಸ್ಥೂಲವಾಗಿ 1885ರಿಂದ 1925ರ ವರೆಗಿನ ನಾಲ್ವತ್ತು ವರ್ಷಗಳಲ್ಲಿ. ಈ ವರ್ಗವನ್ನು ಸೃಷ್ಟಿಸಿದವರಲ್ಲಿ ಅಗ್ರಗಣ್ಯರಾದ ಇಬ್ಬರು ಲೇಖಕರ ಕಾರ್ಯವನ್ನು ಪರಿಶೀಲಿಸಿ, ಇತಿಹಾಸದ ಅಧ್ಯಯನಕ್ಕೂ ಅದಕ್ಕೂ ಇರುವ ಸಂಬಂಧವನ್ನು ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಅದಕ್ಕೆ ಹಿಂದೆ ನಮ್ಮಲ್ಲಿ ಕಾವ್ಯದ ಸವಿ ಇರಲಿಲ್ಲವೆಂದು ಇದರ ಅರ್ಥವಲ್ಲ. ಕುಮಾರವ್ಯಾಸನ ಭಾರತವನ್ನೂ ಲಕ್ಷ್ಮೀಶನ ಜೈಮಿನಿಯನ್ನೂ ಗುಡಿಯ ಜಗುಲಿಯ ಮೇಲೆ ಒಬ್ಬರು ಓದುತ್ತಿದ್ದರು, ಹತ್ತಾರು ಮಂದಿ ಕೇಳುತ್ತಿದ್ದರು. 1901ರ ಜನಗಣತಿಯ ಪ್ರಕಾರ ಇಡೀ ಭಾರತದಲ್ಲಿ ಅಕ್ಷರಸ್ಥರ ಸಂಖ್ಯೆ ನೂರಕ್ಕೆ ಸುಮಾರು 5 ಮಾತ್ರ. ಆದುದರಿಂದ ಕಾವ್ಯವು ಬಹುಜನರಿಗೆ ಕಿವಿಯ ಮೂಲಕವೇ ತಲಪಬೇಕಾಗಿತ್ತು. ಕಥೆ ಕೇಳುವವರಿಗೆ ಮೊದಲೇ ಗೊತ್ತಿರುತ್ತಿತ್ತು. ಹೇಳುವ ಬಗೆಯಲ್ಲಿಯೇ ಸ್ವಾರಸ್ಯ. ಕೆಂಪುನಾರಾಯಣನ ಮುದ್ರಾಮಂಜೂಷದಂತಹ ಗದ್ಯಕೃತಿ 1823ರಷ್ಟು ಹಿಂದೆಯೇ ರಚಿತವಾಗಿದ್ದರೂ ಅದರಿಂದ ಗದ್ಯಕಥನದ ಪರಂಪರೆಯೊಂದು ಬೆಳೆಯಲಿಲ್ಲ.

ಈ ಸ್ಥಿತಿಯನ್ನು ಬದಲಾಯಿಸಿದವರಲ್ಲಿ ಮೊದಲಿಗರು ಬಿ. ವೆಂಕಟಾಚಾರ್ಯರು (1845–1914). ಕೊಳ್ಳೇಗಾಲದಲ್ಲಿ ಹುಟ್ಟಿ, ಮೈಸೂರು ಸಂಸ್ಥಾನದ ನ್ಯಾಯಾಂಗದಲ್ಲಿ ಮುನಸೀಫರಾಗಿದ್ದ ಇವರು ಬಂಗಾಳಿಯನ್ನು ಕಲಿತು ಅಲ್ಲಿಯ ಕಥಾಸಾಹಿತ್ಯವನ್ನು ಕನ್ನಡಕ್ಕೆ ತಂದರು. ಷೇಕ್ಸ್‌ಪಿಯರನ ನಾಟಕವೊಂದನ್ನು ಆಧರಿಸಿ ಈಶ್ವರಚಂದ್ರ ವಿದ್ಯಾಸಾಗರರು ಬರೆದ ಭ್ರಾಂತಿವಿಲಾಸವನ್ನೂ, ಅನಂತರ ಬಂಕಿಮಚಂದ್ರರ ಕಾದಂಬರಿಗಳನ್ನೂ ಅವರು ಅನುವಾದಿಸಿದರು. ಕನ್ನಡ ದುರ್ಗೇಶನಂದಿನಿ ಪ್ರಕಟವಾದದ್ದು 1885ರಲ್ಲಿ. ಸಂಜೆಗತ್ತಲೆಯಲ್ಲಿ ಬಿರುಗಾಳಿಗೆ ಸಿಕ್ಕಿದ ಕುದುರೆಸವಾರನೊಬ್ಬನು ನಿರ್ಜನವಾದ ಶಿವಾಲಯದಲ್ಲಿ ಆಶ್ರಯ ಪಡೆದು, ಅಲ್ಲಿ ಅಪರಿಚಿತರಾದ ಇಬ್ಬರು ಸ್ತ್ರೀಯರನ್ನು ಕಾಣುವುದರಿಂದ ಆ ಕಥೆ ತೊಡಗುತ್ತದೆ. ಈ ಸವಾರನು ಯಾರು, ಮುಂದೇನಾಗುವುದು ಎಂಬುದನ್ನು ಯಾವ ಪುರಾಣವೂ ವಾಚಕನಿಗೆ ಮುಂಚಿತವಾಗಿ ತಿಳಿಸಿರಲಿಲ್ಲ. ತಿಳಿಯಬೇಕಾದರೆ ಪುಟ ತಿರುವಲೇಬೇಕು. ಓದಿನ ಈ ಹೊಸ ಚಾಪಲ್ಯವೇ ವೆಂಕಟಾಚಾರ್ಯರು ಕನ್ನಡಿಗರಿಗೆ ಹತ್ತಿಸಿದ ರುಚಿ.

ಅವರ ಶೈಲಿ ಸಂಸ್ಕೃತಭೂಯಿಷ್ಠವಾದುದು. ಬಂಗಾಳಿಯಲ್ಲಿ ರೂಢವಾದ ಸಮಸ್ತಪದಗಳನ್ನು ಅವರು ಹೆಚ್ಚು ಮಾರ್ಪಡಿಸದೆ ಉಳಿಸಿಕೊಂಡರು. ಈಗಿನ ವಿದ್ಯಾರ್ಥಿಗೆ ಅದು ಕ್ಲಿಷ್ಟವಾಗಿ ತೋರುವುದು ಸಹಜ. ಆದರೆ ಕಥೆಯ ಕುತೂಹಲವೊಂದಿದ್ದರೆ ಭಾಷೆಯ ತೊಡಕನ್ನು ವಾಚಕನು ದಾಟುತ್ತಾನೆಂಬುದಕ್ಕೆ ಅವರ ಜನಪ್ರಿಯತೆಯೇ ನಿದರ್ಶನ. ಬಂಕಿಮಚಂದ್ರರ ಮೇಲಿನ ಈ ಆಸ್ಥೆ ಅವರ ಕಾಲಕ್ಕೆ ನಿಲ್ಲಲಿಲ್ಲ. ಎ. ಆರ್. ಕೃಷ್ಣಶಾಸ್ತ್ರಿಗಳು ಬಂಕಿಮಚಂದ್ರರನ್ನು ಕುರಿತು ಬರೆದ ಗ್ರಂಥಕ್ಕೆ 1961ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರಕಿತು.

ಉತ್ತರ ಕರ್ನಾಟಕದ ಸಮಸ್ಯೆ ಇನ್ನೊಂದು ಬಗೆಯದು. ಮುಂಬಯಿ ಆಧಿಪತ್ಯಕ್ಕೆ ಸೇರಿದ್ದ ಜಿಲ್ಲೆಗಳಲ್ಲಿ ಮರಾಠಿಯ ಪ್ರಾಬಲ್ಯ ಹೆಚ್ಚಾಗಿತ್ತು. ಅಲ್ಲಿಯ ವಿದ್ಯಾವಂತನು ಮನೆಯಲ್ಲಿ ಕನ್ನಡವನ್ನು ಆಡುತ್ತಿದ್ದರೂ ಓದುವುದಕ್ಕೆ ಮರಾಠಿಯ ಪುಸ್ತಕವನ್ನೇ ಎತ್ತಿಕೊಳ್ಳುತ್ತಿದ್ದುದುಂಟು. 1890ರಲ್ಲಿ ಧಾರವಾಡದಲ್ಲಿ ಸ್ಥಾಪಿತವಾದ ಕರ್ನಾಟಕ ವಿದ್ಯಾವರ್ಧಕ ಸಂಘವು ಈ ಕೊರತೆಯನ್ನು ಕಂಡು ಕನ್ನಡ ಗ್ರಂಥರಚನೆಗೆ ಬಹುಮಾನಗಳನ್ನು ಏರ್ಪಡಿಸಿತು. ಶಾಲಾ ಉಪಾಧ್ಯಾಯರಾಗಿದ್ದ ವೆಂಕಟೇಶ ತಿರಕೊ ಕುಲಕರ್ಣಿಯವರ ಪ್ರಬುದ್ಧ ಪದ್ಮನಯನೆ ಸಂಘದ ಬಹುಮಾನವನ್ನು ಪಡೆಯಿತು. ಹುಟ್ಟಿದ ಊರಿನ ಹೆಸರಿನಿಂದ ಗಳಗನಾಥರೆಂದೇ ಪ್ರಸಿದ್ಧರಾದ ಇವರು (1869–1942) ಹರಿ ನಾರಾಯಣ ಆಪಟೆಯವರ ಮರಾಠಿ ಐತಿಹಾಸಿಕ ಕಾದಂಬರಿಗಳನ್ನು ಕನ್ನಡಕ್ಕೆ ತಂದರಲ್ಲದೆ, ಸ್ವತಂತ್ರ ಕೃತಿಗಳನ್ನೂ ವಿಪುಲವಾಗಿ ರಚಿಸಿದರು.

ಬರೆಯುವುದರಿಂದಲೇ ಗಳಗನಾಥರ ಕೆಲಸ ಮುಗಿಯಲಿಲ್ಲ. ಪುಸ್ತಕದ ಅಂಗಡಿಗಳೇ ವಿರಳವಾಗಿದ್ದ ಸೀಮೆಯಲ್ಲಿ ಗ್ರಂಥವು ವಾಚಕನನ್ನು ಮುಟ್ಟುವುದು ಹೇಗೆ? ಇದಕ್ಕೆ ಅವರು ಎರಡು ಉಪಾಯಗಳನ್ನು ಕಂಡುಕೊಂಡರು. ಮೊದಲನೆಯದು ಮಾಸಪತ್ರಿಕೆ. ಅಗಡಿಯ ಆನಂದವನದಿಂದ ಹೊರಡುತ್ತಿದ್ದ ಸದ್ಬೋಧ ಚಂದ್ರಿಕೆಯ ಸಂಪಾದಕರಾಗಿ ಅವರು ಚಂದಾದಾರರ ಮನೆಬಾಗಿಲಿಗೆ ಅಂಚೆಯ ಮೂಲಕ ಓದನ್ನು ಕಳುಹಿಸಿದರು. ಎರಡನೆಯದು ಕಾಲ್ನಡಿಗೆ. ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು, ಊರಿಂದೂರಿಗೆ ಹೋಗಿ ಮಾರಿದರು. ಗ್ರಂಥಕರ್ತನೇ ಪ್ರಕಾಶಕನೂ ಮಾರಾಟಗಾರನೂ ಹೊರೆಯಾಳೂ ಆದ ಈ ಪ್ರಸಂಗವನ್ನು ಅವರ ತ್ಯಾಗಕ್ಕೆ ಉದಾಹರಣೆಯಾಗಿ ಹೇಳುವುದು ವಾಡಿಕೆ. ಚರಿತ್ರಕಾರನು ಅದರಲ್ಲಿ ಇನ್ನೂ ಒಂದು ಸಂಗತಿಯನ್ನು ಗಮನಿಸಬೇಕು. ಆ ಕಾಲದಲ್ಲಿ ವಾಚಕನು ಪುಸ್ತಕವನ್ನು ಹುಡುಕಿಕೊಂಡು ಬರುವವನಾಗಿರಲಿಲ್ಲ. ಪುಸ್ತಕವೇ ಅವನನ್ನು ಹುಡುಕಿಕೊಂಡು ಹೋಗಬೇಕಾಗಿತ್ತು.

ಸ್ವತಂತ್ರ ಕಾದಂಬರಿಗಳು ಇದೇ ಅವಧಿಯಲ್ಲಿ ತಲೆದೋರದೆ ಇರಲಿಲ್ಲ. ಗುಲ್ವಾಡಿ ವೆಂಕಟರಾಯರ ಇಂದಿರಾಬಾಯಿ 1899ರಲ್ಲಿಯೂ, ಕೆರೂರ ವಾಸುದೇವಾಚಾರ್ಯರ ಇಂದಿರೆ 1908ರಲ್ಲಿಯೂ, ಎಂ. ಎಸ್. ಪುಟ್ಟಣ್ಣನವರ ಮಾಡಿದ್ದುಣ್ಣೋ ಮಹಾರಾಯ 1915ರಲ್ಲಿಯೂ ಹೊರಬಂದವು. ವಿಮರ್ಶಕರು ಇವುಗಳಿಗೆ ಹೆಚ್ಚಿನ ಸ್ಥಾನವನ್ನು ಕೊಡುವುದು ನ್ಯಾಯವೇ ಆಗಿದೆ. ಆದರೂ ಓದಿನ ಅಭ್ಯಾಸವು ಬಿಡದೆ ನಡೆಯಬೇಕಾದರೆ ಒಂದಾದ ಮೇಲೊಂದು ಪುಸ್ತಕ ಕೈಗೆ ಸಿಕ್ಕುತ್ತಿರಬೇಕು. ಆ ಪೂರೈಕೆಯನ್ನು ಮಾಡಿದವರು ಮುಖ್ಯವಾಗಿ ಅನುವಾದಕರು. ಈ ಪ್ರಕಾರಕ್ಕೆ ನಮ್ಮಲ್ಲಿ ನಿಂತ ಹೆಸರೂ ಇದಕ್ಕೆ ಸಾಕ್ಷಿಯಾಗಿದೆ. ಬಂಗಾಳಿಯಲ್ಲಿ ಇದನ್ನು ಉಪನ್ಯಾಸವೆನ್ನುತ್ತಾರೆ. ಆ ಪದ ಕನ್ನಡದಲ್ಲಿ ಭಾಷಣಕ್ಕೆ ಸಂದಿತು. ಬಾಣನ ಕೃತಿಯ ಹೆಸರಾದ ಕಾದಂಬರಿಯೆಂಬುದು ಮರಾಠಿಯಲ್ಲಿರುವಂತೆ ಕನ್ನಡದಲ್ಲಿಯೂ ರೂಢಿಗೆ ಬಂದಿತು.

ಇನ್ನು ಇತಿಹಾಸದ ಮಾತು. ಮೈಸೂರು ಸಂಸ್ಥಾನದಲ್ಲಿ ಬಿ. ಎಲ್. ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕ ಸಂಪುಟಗಳು 1886ರಿಂದ ಹೊರಬರತೊಡಗಿದವು. ರಾಬರ್ಟ್ ಸಿವೆಲ್ ಅವರ ವಿಜಯನಗರ ಚರಿತ್ರೆ 1900ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು. ಇವು ವಿದ್ವಾಂಸರ ಗ್ರಂಥಗಳು. ಸಾಮಾನ್ಯ ಕನ್ನಡಿಗನಿಗೆ ವಿಜಯನಗರವನ್ನು ಮೊದಲು ತೋರಿಸಿದವುಗಳಲ್ಲಿ ಗಳಗನಾಥರ ಮಾಧವ ಕರುಣಾವಿಲಾಸವೂ ಕನ್ನಡಿಗರ ಕರ್ಮಕಥೆಯೂ ಮುಖ್ಯವಾದವು. ಒಂದು ಆ ರಾಜ್ಯದ ಸ್ಥಾಪನೆಯನ್ನೂ ಇನ್ನೊಂದು ಅದರ ಪತನವನ್ನೂ ಹೇಳುತ್ತವೆ. ಆಲೂರ ವೆಂಕಟರಾಯರ ಕರ್ನಾಟಕ ಗತವೈಭವ 1917ರಲ್ಲಿ ಪ್ರಕಟವಾದಾಗ ಅದನ್ನು ಆದರದಿಂದ ಸ್ವೀಕರಿಸಲು ವಾಚಕರಿದ್ದರು. ಅವರನ್ನು ಸಿದ್ಧಗೊಳಿಸಿದ್ದರಲ್ಲಿ ಕಥೆಗಾರರ ಪಾಲು ಸಣ್ಣದಲ್ಲ.

ಆದರೆ ಈ ಉಪಕಾರದ ಜೊತೆಗೆ ಒಂದು ತೊಡಕೂ ಬಂದಿದೆ. ಆಪಟೆಯವರ ವಜ್ರಾಘಾತವನ್ನು ಆಧರಿಸಿದ ಕರ್ಮಕಥೆಯಲ್ಲಿ ರಾಮರಾಜನು ಯೌವನದಲ್ಲಿ ಪ್ರೀತಿಸಿ ಕೈಬಿಟ್ಟ ಮೆಹರಜಾನಳ ದುಃಖವೂ ಅವಳ ಮಗ ರಣಮಸ್ತಖಾನನ ಸೇಡೂ ಸಾಮ್ರಾಜ್ಯದ ನಾಶಕ್ಕೆ ಹಾದಿಯಾಗುತ್ತವೆ. ಕಾದಂಬರಿಯ ಹೆಸರೇ ಅದರ ಕಾರಣಮೀಮಾಂಸೆಯನ್ನು ಹೇಳುತ್ತದೆ: ಒಬ್ಬನ ಕರ್ಮವನ್ನು ಒಂದು ನಾಡು ಉಣ್ಣಬೇಕಾಯಿತು. ಇತಿಹಾಸವು ಕಾಣುವ ಕಾರಣಗಳು ಬೇರೆ. ರಾಮರಾಯನು ದಕ್ಷಿಣದ ಸುಲ್ತಾನರಲ್ಲಿ ಒಮ್ಮೆ ಒಬ್ಬನ, ಮತ್ತೊಮ್ಮೆ ಇನ್ನೊಬ್ಬನ ಪಕ್ಷವನ್ನು ಹಿಡಿಯುತ್ತ ಬಂದನು. ಕೊನೆಗೆ ಅವರು ಒಟ್ಟುಗೂಡಿ 1565ರಲ್ಲಿ ಅವನನ್ನು ಸೋಲಿಸಿದರು. ಅವನ ಸೈನ್ಯದಲ್ಲಿಯೂ ಮುಸಲ್ಮಾನ ಸರದಾರರಿದ್ದರು. ಆದುದರಿಂದ ಅದನ್ನು ಕೇವಲ ಮತಗಳ ಯುದ್ಧವೆಂದು ವರ್ಣಿಸುವುದೂ ಸಾಧ್ಯವಿಲ್ಲ, ಒಬ್ಬ ಸ್ತ್ರೀಯ ಶಾಪವೆಂದು ವರ್ಣಿಸುವುದೂ ಸಾಧ್ಯವಿಲ್ಲ.

ಹಾಗಾದರೆ ಇಂತಹ ಕಾದಂಬರಿಗಳನ್ನು ಇತಿಹಾಸದ ಅಧ್ಯಾಪಕನು ತರಗತಿಯಿಂದ ದೂರವಿಡಬೇಕೆ? ಹಾಗೆ ಮಾಡುವುದು ಉಚಿತವಲ್ಲ. ಬಾಲ್ಯದ ಓದು ಮನಸ್ಸಿನಲ್ಲಿ ಮೂಡಿಸಿದ ಚಿತ್ರವು ಉಪನ್ಯಾಸವೊಂದರಿಂದ ಅಳಿಸಿಹೋಗುವುದಿಲ್ಲ. ಕರ್ಮಕಥೆಯ ಅಧ್ಯಾಯವೊಂದನ್ನೂ, ಸಿವೆಲ್ ಅವರು ತಮ್ಮ ಗ್ರಂಥದಲ್ಲಿ ಸೇರಿಸಿರುವ ಪಾಯೆಸ್ ಮತ್ತು ನೂನಿಜರ ವೃತ್ತಾಂತಗಳನ್ನೂ, ಶಾಸನಗಳನ್ನೂ ಒಟ್ಟಿಗೆ ಇಟ್ಟುಕೊಂಡು, ಕಥೆ ಎಲ್ಲಿ ಮುಗಿಯಿತು, ಪ್ರಮಾಣ ಎಲ್ಲಿಂದ ಆರಂಭವಾಯಿತು ಎಂದು ವಿದ್ಯಾರ್ಥಿಯೇ ಹುಡುಕುವಂತೆ ಮಾಡಿದರೆ ಆ ಹಳೆಯ ಪ್ರೀತಿಯೇ ಸಂಶೋಧನೆಗೆ ಮೆಟ್ಟಿಲಾಗುತ್ತದೆ.

ಓದುಗರ ಚರಿತ್ರೆಯನ್ನು ಬರೆಯುವುದಕ್ಕೆ ಬೇಕಾದ ಸಾಮಗ್ರಿಯೂ ನಮ್ಮ ಸಮೀಪದಲ್ಲಿಯೇ ಇದೆ. ಹಳೆಯ ಪ್ರತಿಗಳ ಮೊದಲ ಪುಟದಲ್ಲಿರುವ ಒಡೆಯರ ಸಹಿ, ಊರಿನ ಹೆಸರು, ವಾಚನಾಲಯದ ಮುದ್ರೆ, ಬೆಲೆಯ ಗುರುತು, ಅಂಚಿನಲ್ಲಿ ಬರೆದ ಟಿಪ್ಪಣಿ, ಮಾಸಪತ್ರಿಕೆಗಳಲ್ಲಿ ಅಚ್ಚಾದ ಪುಸ್ತಕದ ಜಾಹೀರಾತು, ಇವೆಲ್ಲ ಚರಿತ್ರಕಾರನಿಗೆ ದಾಖಲೆಗಳೇ ಆಗಿವೆ. ಪ್ರತಿಯೊಂದು ಕಾಲೇಜಿನ ಪುಸ್ತಕಭಂಡಾರದಲ್ಲಿಯೂ ಜೀರ್ಣವಾದ ಕಾದಂಬರಿಗಳನ್ನು ಹೊರಹಾಕುವ ಮೊದಲು ಈ ಗುರುತುಗಳನ್ನು ವಿದ್ಯಾರ್ಥಿಗಳಿಂದ ಪಟ್ಟಿ ಮಾಡಿಸುವುದು ಕಷ್ಟದ ಕೆಲಸವಲ್ಲ. ಗಳಗನಾಥರು ಹೊತ್ತು ಮಾರಿದ ಪುಸ್ತಕಗಳು ಯಾವ ಯಾವ ಊರುಗಳನ್ನು ಮುಟ್ಟಿದವು, ಯಾರ ಕೈ ಸೇರಿದವು ಎಂಬುದನ್ನು ಆ ಪಟ್ಟಿಗಳಿಂದಲೇ ತಿಳಿಯಬೇಕಾಗಿದೆ.