ಕಿಟ್ಟದ ಬುನಾದಿಯ ಪುರಭವನ

ಇಂಗ್ಲೆಂಡಿನಲ್ಲಿ ಪುರಭವನವೆಂದರೆ ಬರಿಯ ಸಭಾಂಗಣವಲ್ಲ. ಊರಿನ ಆಡಳಿತ ನಡೆಯುವ ಕಟ್ಟಡ. ಮರ್ಸಿ ನದಿ ದಂಡೆಯ ವಾರಿಂಗ್ಟನ್ ಪಟ್ಟಣ 1872ರಲ್ಲಿ ಇದಕ್ಕೆಂದು ಹೊಸದೇನನ್ನೂ ಕಟ್ಟಿಸಲಿಲ್ಲ. ಸಿರಿವಂತ ಪ್ಯಾಟನ್ ಮನೆತನದ ಬ್ಯಾಂಕ್ ಹಾಲ್ ಎಂಬ ಬಂಗಲೆಯನ್ನೇ ತೋಟದ ಸಮೇತ ಕೊಂಡುಕೊಂಡಿತು.

1750ರಲ್ಲಿ ಅದನ್ನು ಕಟ್ಟಿಸಿದವನು ತಾಮ್ರದ ವ್ಯಾಪಾರಿ ಥಾಮಸ್ ಪ್ಯಾಟನ್. ವಾಸ್ತುಶಿಲ್ಪಿ, ಲಂಡನ್ನಿನ ಸೇಂಟ್ ಮಾರ್ಟಿನ್ ಚರ್ಚಿನಿಂದ ಹೆಸರಾದ ಜೇಮ್ಸ್ ಗಿಬ್ಸ್. ಆದರೆ ಕುತೂಹಲದ ಸಂಗತಿ ಇರುವುದು ನೆಲದಡಿಯಲ್ಲಿ. ತಾಮ್ರ ಕರಗಿಸಿದಾಗ ಉಳಿಯುವ ಕಿಟ್ಟವನ್ನು ಇಟ್ಟಿಗೆಯಂತೆ ಅಚ್ಚು ಹಾಕಿ, ಅದರಿಂದಲೇ ಬುನಾದಿ ಕಟ್ಟಿಸಿದ. ಕಸವೂ ಪೋಲಾಗಬಾರದೆಂಬ ವ್ಯಾಪಾರಿ ಬುದ್ಧಿಯೇನೋ! ಆ ತಾಮ್ರ ಹೋಗುತ್ತಿದ್ದುದಾದರೂ ಎಲ್ಲಿಗೆ? ಆಫ್ರಿಕದ ಕರಾವಳಿಯಲ್ಲಿ ಗುಲಾಮರನ್ನು ಕೊಳ್ಳಲು ಹಣದಂತೆ ಕೊಡುತ್ತಿದ್ದ 'ಮನಿಲ್ಲಾ' ಬಳೆಗಳೂ ಪ್ಯಾಟನ್ ಕಂಪನಿಯ ಸರಕಾಗಿದ್ದವು. ಬಂಗಲೆಯ ಅಂದವನ್ನು ಹೊಗಳುವಾಗ ಈ ಲೆಕ್ಕವನ್ನು ಬಿಡಲಾಗದು.

1873ರಲ್ಲಿ ತೋಟ ಸಾರ್ವಜನಿಕ ಉದ್ಯಾನವಾಯಿತು. ಕೋಲ್‌ಬ್ರೂಕ್‌ಡೇಲ್ ಕಂಪನಿ ತಯಾರಿಸಿ 1862ರ ಲಂಡನ್ ವಸ್ತುಪ್ರದರ್ಶನದಲ್ಲಿಟ್ಟಿದ್ದ ಎರಕದ ಕಬ್ಬಿಣದ ಗೇಟು 1895ರಲ್ಲಿ ಇಲ್ಲಿಗೆ ಬಂತು. ಅದಕ್ಕೆ ಚಿನ್ನದ ಬಣ್ಣ. ಊರವರ ಬಾಯಲ್ಲಿ ಅದು 'ಚಿನ್ನದ ಗೇಟು'. ಎದುರಿಗಿದ್ದ ಇಟ್ಟಿಗೆ ಗೋಡೆ ಆಗ ಹೋಯಿತು. ಒಡೆಯರಷ್ಟೇ ಕಾಣುತ್ತಿದ್ದ ಬಂಗಲೆ, ಗೇಟಿನ ಕಂಬಿಗಳ ಸಂದಿನಿಂದ ಬೀದಿಯಲ್ಲಿ ಹೋಗುವವರಿಗೂ ಕಾಣತೊಡಗಿತು.